ಕಾಣೆಯಾದ ಎರಡು ಇಂಚು ಹಿಮ

ವರಲಕ್ಷ್ಮಿಯವರ ಹಿತ್ತಲಿನಲ್ಲಿ, ಅಡಿಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಎರಡಡಿ ಚೌಕದ ಒಂದು ಬಿಳಿಯ ಹಲಗೆ ಇರುತ್ತದೆ. ಚಳಿಗಾಲ ಬಂದರೆ ಅದು ಹೊರಗೆ, ಮುಗಿದರೆ ಗ್ಯಾರೇಜಿನೊಳಗೆ. ಬಿದ್ದ ಹಿಮವನ್ನು ಅಳೆಯುವುದಕ್ಕೆಂದೇ ಮಾಡಿಸಿದ ಹಲಗೆ ಅದು. ಹುಲ್ಲಿನ ಮೇಲೆ ಅಳತೆಕಡ್ಡಿ ಊರಿದರೆ ಹುಲ್ಲಿನ ಎತ್ತರವೂ ಸೇರಿಕೊಳ್ಳುತ್ತದೆ. ಹಲಗೆ ಹಾಗೆ ಮೋಸ ಮಾಡುವುದಿಲ್ಲ.

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಅವರು ಬಂದು ನೆಲೆಸಿ ನಲವತ್ತು ವರ್ಷಗಳ ಮೇಲಾಯಿತು. ಅದರಲ್ಲಿ ಮೂವತ್ತು ವರ್ಷ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ನಿವೃತ್ತರಾದ ಮೇಲೆ, ತಮ್ಮ ತಮ್ಮ ಹಿತ್ತಲಿನಲ್ಲಿ ಬಿದ್ದ ಮಳೆ ಹಿಮಗಳನ್ನು ಅಳೆದು ದಿನವೂ ಕಳುಹಿಸುವ ಸ್ವಯಂಸೇವಕರ ಗುಂಪೊಂದನ್ನು ಸೇರಿದರು. ಬೆಳಿಗ್ಗೆ ಏಳಕ್ಕೆ ಅಳತೆ. ಹದಿನಾಲ್ಕು ಚಳಿಗಾಲಗಳಲ್ಲಿ ಒಂದು ಹಿಮದ ದಿನವೂ ತಪ್ಪಿರಲಿಲ್ಲ. ಮೈಸೂರಿಗೆ ಹೋಗುವುದಿದ್ದರೆ ಮೇ ತಿಂಗಳಿನಲ್ಲೇ. "ಮಾವಿನಹಣ್ಣಿಗೆ ಬಂದ್ಯೇನೇ?" ಎಂದು ಅಕ್ಕ ಕೇಳಿದರೆ "ಹೂಂ ಕಣೆ" ಎನ್ನುವರು. ಹಿಮದ ಲೆಕ್ಕ ತಪ್ಪಬಾರದೆಂದು ಈಗ ಬಂದೆ ಎಂದರೆ ಯಾರು ನಂಬುತ್ತಾರೆ?

ಕೊರೋನಾ ಕಳೆದ ಮೇಲಿನ ಒಂದು ಜನವರಿ. ಭಾನುವಾರ ಮಧ್ಯಾಹ್ನ ಶುರುವಾದ ಹಿಮ ರಾತ್ರಿಯವರೆಗೂ ಸುರಿಯಿತು. ಮಗಳು ರಾಧಿಕಾ, ಅಳಿಯ ಶಶಾಂಕ್ ಇಬ್ಬರೂ ಡಾಕ್ಟರುಗಳು; ಆಸ್ಪತ್ರೆಯಲ್ಲೇ ಉಳಿಯಬೇಕಾಗಿತ್ತು. ಆದ್ದರಿಂದ ಧಾರವಾಡದಿಂದ ಬಂದಿದ್ದ ಶಶಾಂಕನ ತಾಯಿ ಶಾಂತವ್ವನವರನ್ನು ಇವರ ಮನೆಯಲ್ಲಿ ಬಿಟ್ಟು ಹೋಗಿದ್ದರು. ಶಾಂತವ್ವ ಹಿಮವನ್ನು ಕಂಡದ್ದು ಅದೇ ಮೊದಲು. ಸುಮ್ಮನೆ ಕೂರುವ ಜೀವವಲ್ಲ; ಬಂದ ದಿನವೇ ದೊಡ್ಡ ಪಾತ್ರೆಯಲ್ಲಿ ಗೋಧಿಹುಗ್ಗಿ ಮಾಡಿಟ್ಟರು.

ಸೋಮವಾರ ಬೆಳಿಗ್ಗೆ ವರಲಕ್ಷ್ಮಿ ಹಲಗೆಯ ಮೇಲೆ ಕಡ್ಡಿ ಊರಿದರು. ಐದು ಪಾಯಿಂಟ್ ಒಂದು ಇಂಚು. ಮೂರು ಕಡೆ ಊರಿ ನೋಡಿ, ಅದನ್ನೇ ಕಳುಹಿಸಿ ಕಾಫಿ ಕುಡಿದರು.

ಹತ್ತು ಗಂಟೆಗೆ ಈಮೇಲ್ ಬಂತು. ಗುಂಪಿನ ಅಂಕಿಗಳನ್ನು ನೋಡಿಕೊಳ್ಳುವಾಕೆ ವಿನಯದಿಂದಲೇ ಬರೆದಿದ್ದಳು: ನಿಮ್ಮ ಸುತ್ತಲಿನ ನಾಲ್ಕು ಮನೆಗಳಲ್ಲಿ ಏಳು ಇಂಚಿನ ಆಸುಪಾಸು ಬಿದ್ದಿದೆ, ನಿಮ್ಮಲ್ಲಿ ಮಾತ್ರ ಐದು. ಸಂಜೆ ಐದರೊಳಗೆ ಇನ್ನೊಮ್ಮೆ ನೋಡಿ ತಿಳಿಸಿ; ಇಲ್ಲದಿದ್ದರೆ ಈ ದಿನವನ್ನು ಖಾಲಿ ಬಿಡಬೇಕಾಗುತ್ತದೆ.

ಖಾಲಿ! ಹದಿನಾಲ್ಕು ವರ್ಷಗಳ ಪಟ್ಟಿಯಲ್ಲಿ ಮೊದಲ ಖಾಲಿ ಜಾಗ.

ಅಷ್ಟರಲ್ಲಿ ವರ್ಜೀನಿಯಾದ ಸೆಂಟರ್‌ವಿಲ್‌ನಿಂದ ಗುರುದತ್ತನ ಫೋನು. ಅವನೂ ಇದೇ ಗುಂಪಿನವನು. ಪ್ರತಿ ಹಿಮಪಾತದ ಮಾರನೆಯ ದಿನ ಇಬ್ಬರೂ ಅಳತೆ ಹೋಲಿಸಿಕೊಳ್ಳುವುದು ವಾಡಿಕೆ.

"ಆಂಟಿ, ನಮ್ಮಲ್ಲಿ ಸಿಕ್ಸ್ ಪಾಯಿಂಟ್ ಫೋರ್! ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ನಮ್ಮ ತಂಗಿ ಮನೇಲಿ ಕಾಲು ಇಂಚು, ಅಷ್ಟಕ್ಕೇ ಸ್ಕೂಲೆಲ್ಲಾ ಕ್ಲೋಸ್ ಮಾಡಿದಾರಂತೆ. ನಿಮ್ಮದೆಷ್ಟು?"

"ಐದು. ಆದ್ರೆ ಪಕ್ಕದವರದ್ದೆಲ್ಲಾ ಏಳು ಕಣಪ್ಪ. ನನ್ನ ಎರಡು ಇಂಚು ಎಲ್ಲಿ ಹೋಯ್ತು?"

"ಅದಕ್ಯಾಕೆ ಟೆನ್ಷನ್? ಏಳು ಅಂತ ಅಪ್‌ಡೇಟ್ ಮಾಡ್ಬಿಡಿ. ಯಾರು ನೋಡ್ತಾರೆ?"

"ಕಣ್ಣಲ್ಲಿ ನೋಡದೇ ಇರೋ ಸ್ಯಾಂಪಲ್ಲಿಗೆ ರಿಸಲ್ಟ್ ಬರೀತಾರೇನೋ?"

"ಅಯ್ಯೋ, ನಿಮ್ಮ ಲ್ಯಾಬು ನಿಮ್ಮನ್ನ ಬಿಟ್ಟರೂ ನೀವು ಲ್ಯಾಬನ್ನ ಬಿಡಲಿಲ್ಲ ನೋಡಿ!" ಎಂದು ನಕ್ಕು ಅವನು ಫೋನಿಟ್ಟ.

ವರಲಕ್ಷ್ಮಿಯವರಿಗೆ ಆತಂಕಕ್ಕಿಂತ ಕುತೂಹಲವೇ ಹೆಚ್ಚಾಯಿತು. ಕೋಟು ತೊಟ್ಟು ಹೊರಗೆ ಹೋದರು. ಗಾಳಿ ಹೊತ್ತೊಯ್ದಿದ್ದರೆ ಹಲಗೆಯ ಒಂದು ಬದಿಯಲ್ಲಿ ತಗ್ಗು ಬೀಳಬೇಕು, ಬಿದ್ದಿರಲಿಲ್ಲ. ಮರದ ಕೊಂಬೆ ತಡೆಯಿತೇ? ಮೇಲೆ ಬರಿಯ ಆಕಾಶ. ಮೊಣಕಾಲೂರಿ ಹಿಮವನ್ನು ಪದರ ಪದರವಾಗಿ ಸರಿಸುತ್ತ ಬಂದರು. ತಳ ಕಂಡಾಗ ಕೈ ನಿಂತಿತು. ಬಿಳಿಯ ಹಲಗೆಯ ಮೇಲೆ, ನಟ್ಟನಡುವೆ, ಮಂಜುಗಡ್ಡೆಯ ಒಂದು ಬಳೆ! ಕೈವಾರದಲ್ಲಿ ಗೀಚಿದಷ್ಟು ದುಂಡಗೆ.

ಯಾವ ಪ್ರಾಣಿಯ ಪಾದ ಹೀಗಿರುತ್ತದೆ? ಕಡ್ಡಿಯಿಟ್ಟು ಅಡ್ಡಗಲ ಅಳೆದರು. ಒಂಬತ್ತು ಇಂಚು. ಅಲ್ಲಿಯೇ ಕೂತು ಒಂದು ನಿಮಿಷ ಯೋಚಿಸಿದರು. ಆಮೇಲೆ ಎದ್ದು ನೇರವಾಗಿ ಅಡಿಗೆಮನೆಗೆ ನಡೆದು, ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ತಳಗಳನ್ನು ಒಂದೊಂದಾಗಿ ಅಳೆಯತೊಡಗಿದರು. ಬಾಣಲೆ, ಕುಕ್ಕರು, ಅನ್ನದ ತಪ್ಪಲೆ.

ಶಾಂತವ್ವ ಸ್ನಾನ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು.

"ಅಯ್ಯ ಬೀಗ್ತಿಯವರ, ಪಾತ್ರಿ ತಳಾನೂ ಅಳೀತೀರೇನ್ರೀ? ಅದರ ಲೆಕ್ಕಾನೂ ಕೇಳ್ತಾರೇನು?"

ಹುಗ್ಗಿಯ ಪಾತ್ರೆಯ ತಳ ಸರಿಯಾಗಿ ಒಂಬತ್ತು ಇಂಚಿತ್ತು.

"ಶಾಂತವ್ವನವರೇ, ಈ ಪಾತ್ರೆ ನಿನ್ನೆ ಹೊರಗೆ ಹೋಗಿತ್ತಾ?"

"ಹೋಗಿತ್ತಲ್ರೀ! ನಿನ್ನೆ ಸಂಜಿಮುಂದ ನೀವು ಮ್ಯಾಲೆ ಫೋನಿನ್ಯಾಗ ಇದ್ರಿ. ಹುಗ್ಗಿ ಸುಡಾಕತ್ತಿತ್ತು, ಡಬ್ಬಿಗೆ ತುಂಬಾಕ ಬರ್ತಿರಲಿಲ್ಲ. ಹಿಮದಾಗ ಕಾಲಿಟ್ಟು ನೋಡಬೇಕು ಅನ್ನೋ ಆಸೇನೂ ಇತ್ತು. ಅಲ್ಲೇ ಒಂದು ಮಣಿ ಇತ್ತಲ್ಲ, ಮ್ಯಾಲಿಂದೆಲ್ಲಾ ಜಾಡಿಸಿ, ಸೆರಗಿಲೇ ಒರೆಸಿ ಇಟ್ಟೆ. ಅರ್ಧಾ ತಾಸಿನ್ಯಾಗ ಆರಿತು, ತಂದೆ."

"ಮಣೆ?"

"ಮತ್ತೇನ್ರೀ ಅದು? ನಾಕು ಮೂಲಿ, ಕೆಳಗ ಎರಡು ಪಟ್ಟಿ." ವರಲಕ್ಷ್ಮಿಯವರ ಮುಖ ನೋಡಿ ಅವರ ದನಿ ಇಳಿಯಿತು. "ಯಾಕ್ರೀ, ಮಡೀದೇನು? ಪೂಜಿಗೆ ಇಟ್ಟಿದ್ರೇನು?"

ವರಲಕ್ಷ್ಮಿಯವರಿಗೆ ನಗು ತಡೆಯಲಾಗಲಿಲ್ಲ. ಕೂರಿಸಿ ಎಲ್ಲವನ್ನೂ ಹೇಳಿದರು. ಹೇಳಿದ ಮೇಲೆ ಶಾಂತವ್ವ ನಗಲಿಲ್ಲ.

"ಹದಿನಾಕು ವರ್ಷದ್ದನ್ನ ನಾ ಒಂದು ಪಾತ್ರಿ ಹುಗ್ಗಿಗೆ ಕೆಡಿಸಿದೆನಲ್ರೀ" ಎಂದರು. ಆಮೇಲೆ ತೋರುಬೆರಳನ್ನು ಎತ್ತಿ ಹಿಡಿದು ತಾವೇ ನೋಡಿಕೊಂಡರು. "ಆದ್ರ ಎಷ್ಟಿತ್ತು ಅಂತ ನನಗ ಗೊತ್ತೈತಿ. ಜಾಡಿಸೂಕಿಂತ ಮೊದಲ ಬೆರಳು ಚುಚ್ಚಿ ನೋಡಿದೆ. ತಳ ಮುಟ್ಟಿದಾಗ ಎರಡು ಗೆಣ್ಣು ಮುಳುಗಿತ್ತು. ಖರೇ ಎರಡು ಗೆಣ್ಣು."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಐವತ್ತು ವರ್ಷ ಅನ್ನಕ್ಕ ನೀರಿಟ್ಟಿದ್ದು ಇದ ಬೆರಳಿಲೇ. ಒಂದು ದಿನಾನೂ ಮುದ್ದಿ ಆಗಿಲ್ಲ. ನಿಮ್ಮ ಕಡ್ಡಿಗೆ ಎಷ್ಟು ವರ್ಷ ಆತ್ರೀ?"

ವರಲಕ್ಷ್ಮಿಯವರ ಕಣ್ಣು ಅರಳಿತು. ಗುಂಪಿನ ನಿಯಮ ಅವರಿಗೆ ಬಾಯಿಪಾಠ. ಹಿಮ ಬೀಳುತ್ತಿರುವಾಗ ನಡುವೆ ಒಮ್ಮೆ ಅಳೆದು, ಹಲಗೆಯನ್ನು ಒರೆಸಿ, ಮತ್ತೆ ಬಿದ್ದದ್ದನ್ನು ಅದಕ್ಕೆ ಕೂಡಿಸಬಹುದು. ಶಾಂತವ್ವ ಮಾಡಿದ್ದು ಇನ್ನೇನು? ಅಳೆದಿದ್ದರು, ಒರೆಸಿದ್ದರು. ಕಡ್ಡಿಯ ಬದಲು ಬೆರಳು.

ಶಾಂತವ್ವನವರ ಬೆರಳನ್ನು ಕಡ್ಡಿಯ ಪಕ್ಕಕ್ಕೆ ಹಿಡಿದು ನೋಡಿದರು. ಎರಡು ಗೆಣ್ಣಿಗೆ ಒಂದು ಪಾಯಿಂಟ್ ಒಂಬತ್ತು ಇಂಚು. ಐದು ಪಾಯಿಂಟ್ ಒಂದಕ್ಕೆ ಕೂಡಿಸಿದರೆ ಏಳು.

ಬೇರೆಯವರಾಗಿದ್ದರೆ ಆಗಲೇ ಬರೆದು ಕಳುಹಿಸುತ್ತಿದ್ದರು. ಆದರೆ ಲ್ಯಾಬಿಗೆ ಹೊಸ ಯಂತ್ರ ಬಂದಾಗ ಗೊತ್ತಿರುವ ಸ್ಯಾಂಪಲ್ಲುಗಳನ್ನು ಕೊಟ್ಟು ಪರೀಕ್ಷಿಸದೆ ಅವರು ಒಂದು ವರದಿಗೂ ಸಹಿ ಹಾಕಿದವರಲ್ಲ.

"ಏಳಿ, ಕೋಟು ಹಾಕ್ಕೊಳ್ಳಿ. ನಿಮ್ಮ ಬೆರಳಿಗೆ ಪರೀಕ್ಷೆ ಇದೆ."

"ಈ ವಯಸ್ಸಿನ್ಯಾಗ ಪರೀಕ್ಷೇನ?" ಎನ್ನುತ್ತಲೇ ಶಾಂತವ್ವ ಸೀರೆಯ ಮೇಲೆ ಮಗನ ಉದ್ದ ಕೋಟು ಏರಿಸಿದರು.

ಹಿಮ ತೆಳುವಾಗಿದ್ದ ಕಡೆಗಳನ್ನು ವರಲಕ್ಷ್ಮಿ ಆರಿಸಿದರು. ಮೆಟ್ಟಿಲ ಪಕ್ಕದ ಕಟಕಟೆಯ ಮೇಲೆ, ಸೂರಿನಡಿ, ದೇವದಾರು ಮರದ ಬುಡದಲ್ಲಿ, ಹೀಗೆ ಆರು ಕಡೆ. ಮೊದಲು ಬೆರಳು, ಆಮೇಲೆ ಕಡ್ಡಿ. "ಒಂದೂವರಿ ಗೆಣ್ಣು." "ಎರಡು, ಮ್ಯಾಲೆ ಒಂದು ಗೋಧಿಕಾಳು." ಬೆರಳು ಕೆಂಪಾಗಿ ಸೆಟೆದರೂ ಶಾಂತವ್ವ ಕೈಗವಸು ತೊಡಲಿಲ್ಲ, ತೊಟ್ಟರೆ ಗೆಣ್ಣು ತಿಳಿಯುವುದಿಲ್ಲವಂತೆ. ಆರರಲ್ಲಿ ಒಮ್ಮೆಯೂ ವ್ಯತ್ಯಾಸ ಇಂಚಿನ ಹತ್ತರಲ್ಲಿ ಎರಡು ಭಾಗವನ್ನು ದಾಟಲಿಲ್ಲ.

"ಪಾಸಾ ನಪಾಸಾ?"

"ಫಸ್ಟ್ ಕ್ಲಾಸು!"

ನಾಲ್ಕು ಗಂಟೆಗೆ ವರಲಕ್ಷ್ಮಿ ಬರೆಯಲು ಕೂತರು. ಏಳು ಎಂದು ಬರೆದು, ಕೆಳಗೆ ಇದ್ದದ್ದನ್ನು ಇದ್ದಂತೆಯೇ ವಿವರಿಸಿದರು: ಸಂಜೆ ಮನೆಯವರೊಬ್ಬರು ಬಿಸಿ ಪಾತ್ರೆ ಇಡಲು ಹಲಗೆ ಒರೆಸಿದರು, ಅದಕ್ಕೂ ಮೊದಲು ಬೆರಳಿನಿಂದ ಅಳೆದರು, ಆ ಬೆರಳನ್ನು ಆರು ಕಡೆ ಪರೀಕ್ಷಿಸಿದ ಫಲಿತಾಂಶ ಇಂತಿದೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಶಾಂತವ್ವ ಪಕ್ಕದಲ್ಲೇ ಕೂತು, ಒಂದಕ್ಷರವೂ ಓದಲಾಗದ ಆ ಇಂಗ್ಲಿಷನ್ನೇ ದಿಟ್ಟಿಸಿದರು. "ಒಪ್ಪಲಿಲ್ಲಂದ್ರ?"

"ಖಾಲಿ ಬಿಡ್ತಾರೆ. ಬಿಡಲಿ."

ಮುಕ್ಕಾಲು ಗಂಟೆಯ ಮೇಲೆ ಉತ್ತರ ಬಂತು. ಏಳು ಇಂಚನ್ನು ಉಳಿಸಿಕೊಳ್ಳುತ್ತೇವೆ. ಆದರೆ ಇದು ಅಂದಾಜು ಎಂಬ ಗುರುತು ಅದರ ಪಕ್ಕದಲ್ಲಿ ಶಾಶ್ವತವಾಗಿ ಇರುತ್ತದೆ.

ವರಲಕ್ಷ್ಮಿ ತಮ್ಮ ಪುಟವನ್ನು ತೆರೆದು ನೋಡಿದರು. ಹದಿನಾಲ್ಕು ವರ್ಷಗಳ ಅಂಕಿಗಳ ಸಾಲಿನಲ್ಲಿ ಗುರುತು ಬಿದ್ದದ್ದು ಇದೊಂದೇ. ಬೇಸರವಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ಬೇರೊಂದು ಯೋಚನೆ ಬಂತು. ಗುರುತಿಲ್ಲದ ಆ ಉಳಿದ ದಿನಗಳಲ್ಲಿ, ತಾವು ಮಲಗಿದ್ದಾಗ, ಯಾವ ಜಿಂಕೆ ಹಲಗೆಯನ್ನು ತುಳಿದಿತ್ತೋ, ಯಾವ ಅಳಿಲು ಕೆದಕಿತ್ತೋ, ಯಾರಿಗೆ ಗೊತ್ತು? ಮೊದಲಿಂದ ಕೊನೆಯವರೆಗೆ ಕಥೆ ತಿಳಿದಿದ್ದುದು ಈ ಗುರುತು ಬಿದ್ದ ದಿನದ್ದು ಮಾತ್ರ.

ಕನ್ನಡಕ ಸರಿಪಡಿಸಿಕೊಂಡು ಅವರು ಹಿಂದಿನ ವರ್ಷದ ಪುಟಕ್ಕೆ ಹೋದರು. ನೆರೆಮನೆಯವರ ಅಂಕಿಗಳನ್ನೂ ಪಕ್ಕದಲ್ಲಿ ತೆರೆದರು.

"ಮತ್ತೇನ ಹುಡುಕಾಕತ್ತೀರಿ?" ಎಂದರು ಶಾಂತವ್ವ.

"ಯಾವತ್ತು ನಮ್ಮದು ಅವರದಕ್ಕಿಂತ ಕಡಿಮೆ ಇತ್ತು ಅಂತ ನೋಡೋಣ."

"ತಡೀರಿ, ಅಂಕಿ ಆದ್ರ ನನಗೂ ಓದಾಕ ಬರ್ತಾವ, ನನ್ನ ಚಾಳೀಸ ತರ್ತೀನಿ" ಎಂದು ಶಾಂತವ್ವ ತಮ್ಮ ಕನ್ನಡಕ ತರಲು ಎದ್ದರು.