ಪಂಚಮಿ ದಿನದ ಬಿಸಿ ರೊಟ್ಟಿ

ನಾಗರಪಂಚಮಿ ದಿನ ನಮ್ಮ ಕಡೆ ಹೆಣ್ಮಕ್ಕಳು ಒಲಿ ಮ್ಯಾಲ ಹಂಚು ಇಡಂಗಿಲ್ಲ. ಸತ್ರೂ ಇಡಂಗಿಲ್ಲ. ರೊಟ್ಟಿ ಮೊದಲೇ ಬಡದು ಒಣಗಿಸಿ ಕಟಕ್ ಮಾಡಿ ಇಟ್ಕೊಂಡಿರ್ತಾರ. ಹಬ್ಬದ ದಿನ ಉಂಡಿ ತಿನ್ನೋದು, ಜೋಕಾಲಿ ಆಡೋದು, ಅಷ್ಟೇ. ಲಗ್ನ ಆದಾಕಿ ಇದ್ರ ಅಣ್ಣನೋ ತಮ್ಮನೋ ಬಂದು ತವರಿಗೆ ಕರಕೊಂಡು ಹೋಗ್ತಾನ. ನಾ ಕಲಬುರ್ಗಿ ಬಿಟ್ಟು ಸಿಕಂದರಾಬಾದ್ ಬಾಜೂಕಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದು ಎಷ್ಟೋ ವರ್ಷ ಆತು, ಗ್ಯಾಸ್ ಒಲಿ ಬಂತು, ಆದ್ರೂ ಪಂಚಮಿಗೆ ಹಂಚು ಇಟ್ಟಾಕಿ ಅಲ್ಲ ನಾ.

ಅದಕ್ಕ ಆ ಪಂಚಮಿ ದಿನ ಅಬಿಡ್ಸ್‌ನ್ಯಾಗಿನ ನನ್ನ ಅಂಗಡಿಗೆ ಬಿಸಿ ಬಿಸಿ, ಮೆತ್ತನ ರೊಟ್ಟಿ ಬಂದು ಇಳದಾಗ ಪಾಕೀಟು ಮುಟ್ಟಿ ಮುಟ್ಟಿ ನೋಡಿದೆ. ಅಂಗಡಿ ಅಂದ್ರ ದೊಡ್ಡದೇನಲ್ರಿ. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ರೊಟ್ಟಿ ತಂದು ಕೊಡಾಂವ ನಮ್ಮ ಕಡೆಯವನೇ. ಹತ್ತಾರು ಅಂಗಡಿಗೆ, ದೊಡ್ಡ ದೊಡ್ಡ ಕಂಪನಿ ಕ್ಯಾಂಟೀನಿಗೆಲ್ಲಾ ಅವನ ರೊಟ್ಟಿ ಹೋಗ್ತಿದ್ವು. ಬಾಯಿ ತೆಗದ್ರ ‘ಅಕ್ಕಾರ, ಅಕ್ಕಾರ’. ಬಾಯಾಗ ಬಸಪ್ಪ, ಹೊಟ್ಟ್ಯಾಗ ವಿಷಪ್ಪ ಅಂತಾರಲ್ಲ, ಇಂಥವನ್ನ ನೋಡೇ ಅಂದಿರಬೇಕು. ಹಿಂದಿನ ವಾರ ತಾನೇ ಹೇಳಿದ್ದ: “ನನ್ನ ಹತ್ರ ಇರೋ ಹೆಣ್ಮಕ್ಕಳನ್ನ ಹಬ್ಬಕ್ಕ ತವರಿಗೆ ಕಳಸಾಕತ್ತೀನ್ರಿ ಅಕ್ಕಾರ. ನಮ್ಮ ಮನಿ ಮಕ್ಕಳಿದ್ದಂಗ ಅವ್ರು.”

“ಇವನ್ನ ಯಾರು ಬಡದಾರೋ ತಮ್ಮಾ?” ಅಂತ ಕೇಳ್ದೆ.

“ನಮ್ಮ ಹೆಣ್ಮಕ್ಕಳೇ.”

“ತವರಿಗೆ ಕಳಸ್ತೀನಿ ಅಂದಿದ್ದಿ?”

ನಕ್ಕ ಭಾಡ್ಯಾ. “ಕ್ಯಾಂಟೀನಿನವ್ರು ಬಿಡಬೇಕಲ್ರಿ. ಧಂದೇಕ್ಕ ಹಬ್ಬ ಎಲ್ಲಿಂದು?”

ತನ್ನ ಖುಷಿಲೆ ಪಂಚಮಿ ದಿನ ಹಂಚು ಇಡೋ ಹೆಣ್ಣು ನಮ್ಮ ಸೀಮಿಯಾಗ ಹುಟ್ಟಿಲ್ಲ. ಇಂವ ಇಡಿಸ್ಯಾನ ಅಂದ್ರ ಹೆಂಗ ಇಡಿಸ್ಯಾನ? ಬಾಜೂ ಅಂಗಡಿಯವ್ರಿಗೆ ಹೇಳಿದೆ. ಅವ್ರೂ ಅವನ ಹತ್ರನೇ ರೊಟ್ಟಿ ತಗೊಳ್ಳೋವ್ರು. “ಮಾಲು ಚಲೋ ಐತಿಲ್ರಿ, ಮಾಡಿದವ್ರು ಯಾರಾದ್ರ ನಿಮಗೇನು?” ಅಂದ್ರು. ಅವರ ಬಾಯಾಗ ಅದ ರೊಟ್ಟಿ ತುರುಕಬೇಕು ಅನಿಸ್ತು.

ಮರುದಿನ ಅಂಗಡಿ ಬಾಗಲಾ ತೆಗೀಲಿಲ್ಲ. ಪಾಕೀಟಿನ ಮ್ಯಾಲಿನ ವಿಳಾಸ ಹಿಡಕೊಂಡು ಸಿಕಂದರಾಬಾದಿನ್ಯಾಗ ಲೋಕಲ್ ಟ್ರೇನ್ ಹತ್ತಿ ಲಿಂಗಂಪಲ್ಲಿಗೆ ಹೋದೆ. ಸ್ಟೇಷನ್ನಿನಿಂದ ಆಟೋದಾಗ ಸ್ವಲ್ಪ ದೂರ. ಎತ್ತರದ ಗ್ವಾಡಿ, ತಗಡಿನ ಶೆಡ್ಡು, ಕಬ್ಬಿಣದ ಗೇಟು. ಗೇಟಿಗೆ ಹೊರಗಿನಿಂದ ಬೀಗ. ಒಳಗ ಹೊಗಿ ಏಳಾಕತ್ತಿತ್ತು.

ಎದುರಿನ ಚಹಾದ ಅಂಗಡಿಯಾಗ ಒಬ್ಬ ತರುಣ ತಲಿ ಮ್ಯಾಲ ಕೈ ಹೊತ್ತು ಕುಂತಿದ್ದ. ತೊಡಿ ಮ್ಯಾಲ ಹೊಸಾ ಸೀರಿ ಪೊಟ್ಟಣ. “ಯಾಕೋ ತಮ್ಮಾ?” ಅಂದೆ, ನನ್ನ ಬಾಯಾಗ ನಮ್ಮ ಕಡೆ ಮಾತು ಕೇಳಿ ಕಣ್ಣಾಗ ನೀರು ತಗದ. ತಂಗಿನ್ನ ಹಬ್ಬಕ್ಕ ಕರಿಯಾಕ ಬಂದಿದ್ನಂತ. ಗಂಡ ಬಿಟ್ಟ ಮ್ಯಾಲ ಆಕಿ ಇಲ್ಲಿ ದುಡಿಯಾಕ ಬಂದಿದ್ಳು. ಎಷ್ಟೋ ದಿನದಿಂದ ಫೋನಿಲ್ಲ. ಗೇಟಿಗೆ ಬಂದು ಕೇಳಿದ್ರ ಮಾಲೀಕ ತಾನೇ ಹೊರಗ ಬಂದು, “ನಿನ್ನ ತಂಗಿ ಯಾವನೋ ಡ್ರೈವರ್ ಜೋಡಿ ಓಡಿ ಹೋಗ್ಯಾಳ” ಅಂದನಂತ. ಇಂವ ನಂಬಿ ಊರಿಗೆ ಫೋನ್ ಮಾಡಿ ಹೇಳಿಬಿಟ್ಟಾನ. “ನಮ್ಮವ್ವ ಬಾಗಲಾ ಹಾಕ್ಕೊಂಡು ಕುಂತಾಳಂತ್ರಿ. ಇನ್ ಆಕಿ ನಮ್ಮ ಪಾಲಿಗೆ ಸತ್ತಳು ಅಂದ್ಳು.”

“ಏಳು” ಅಂದೆ. ಇಬ್ರೂ ಶೆಡ್ಡಿನ ಹಿಂದಕ ಹೋದ್ವಿ. ಗ್ವಾಡಿ ಆ ಕಡೆ ರೊಟ್ಟಿ ಬಡಿಯೋ ಸಪ್ಪಳ. ನಾ ಕೂಗಿದೆ, “ಯಾರವ್ವಾ ಒಳಗ?” ಸಪ್ಪಳ ನಿಂತಿತು. ಇಂವ “ತಂಗೀ” ಅಂದ. ಒಳಗಿಂದ ಒಂದು ದನಿ: “ಅಣ್ಣಾ! ನಾ ಇಲ್ಲೇ ಅದೀನಿ! ಬಿಡವಲ್ರು!”

ನನಗ ಪಿತ್ತ ನೆತ್ತಿಗೇರಿತು. ಕೂಡಿಹಾಕಿದ್ದೊಂದು ಪಾಪ. ಕೂಡಿಹಾಕಿದಾಕಿಗೆ ಓಡಿ ಹೋದಾಕಿ ಅಂತ ಹೆಸರಿಟ್ಟು ತವರಿನ ಬಾಗಲಾನೂ ಮುಚ್ಚಿಸ್ಯಾನಲ್ಲ, ಅವನ ಬಾಯಾಗ ಮಣ್ಣ ಬೀಳ್ಲಿ! ಅವನ್ನ ಸುಮ್ಮನ ಬಿಟ್ರ ನಾ ನಮ್ಮವ್ವನ ಮಗಳಲ್ಲ ಅಂದ್ಕೊಂಡೆ.

ಕಾರ್ಮಿಕ ಇಲಾಖೆಗೆ ಹೋದ್ವಿ. ಅಲ್ಲಿದ್ದ ಅಧಿಕಾರಿ ಹೆಣ್ಮಗಳು ತೆಲುಗಿನ್ಯಾಗ ಎಲ್ಲಾ ಕೇಳಿ ತಗೊಂಡ್ಳು. “ಗೇಟಿನ ಮುಂದ ಗದ್ದಲ ಮಾಡಬ್ಯಾಡ್ರಿ. ಸುಳಿವು ಸಿಕ್ರ ಎಲ್ಲಾರನ್ನೂ ಬ್ಯಾರೆ ಕಡೆ ಸಾಗಿಸ್ತಾನ” ಅಂದ್ಳು. ಸಾಗಿಸಬಾರದು, ತಾನೇ ಗೇಟು ತಗೀಬೇಕು. ಅದು ನನ್ನ ಕೆಲಸ. ಅವನಿಗೆ ಫೋನ್ ಹಚ್ಚಿ ಬೆಣ್ಣಿಯಂಗ ಮಾತಾಡಿದೆ: “ತಮ್ಮಾ, ದೊಡ್ಡ ಕ್ಯಾಂಟೀನಿನವ್ರು ದಿನಾ ರೊಟ್ಟಿ ಬೇಕಂತಾರ. ಅಡಗಿ ಮಾಡೋ ಜಾಗ ನೋಡಬೇಕಂತ. ನಾಳೆ ಕರಕೊಂಡು ಬರ್ಲಿ?”

“ಬರ್ರಿ ಬರ್ರಿ ಅಕ್ಕಾರ!” ಅಂದ. ಆಸೆಬುರುಕ. ಮರುದಿನ ಗೇಟಿಗೆ ಹೂವಿನ ಮಾಲಿ ಹಾಕಿ, ಹಲ್ಲು ಕಿಸಕೊಂಡು ನಿಂತಿದ್ದ. ನನ್ನ ಹಿಂದ ಅಧಿಕಾರಿ, ತಹಸೀಲ್ ಕಚೇರಿಯವ್ರು, ಪೊಲೀಸ್ರು, ಕಡೀಕ ಆ ಅಣ್ಣ ಗಾಡಿಯಿಂದ ಇಳದಾಗ ಅವನ ಮುಖ ಹಿಟ್ಟಿನಂಗ ಬೆಳ್ಳಗಾತು. ಹೆಣ್ಮಕ್ಕಳ ಫೋನು, ಆಧಾರ್ ಕಾರ್ಡು ಎಲ್ಲಾ ಅವನ ಕಪಾಟಿನ್ಯಾಗ ಸಿಕ್ವು. “ಅಕ್ಕಾರ, ನಾವು ನೀವು ಒಂದ ಊರಿನವ್ರಲ್ರಿ” ಅಂತ ನನ್ನ ಕಾಲಿಗೆ ಬಂದ. ಕಾಲು ಹಿಂದಕ ಎಳಕೊಂಡೆ. ಕೇಸು ಇನ್ನೂ ನಡದೈತಿ. ಅವನ ರೊಟ್ಟಿ ಕೊಳ್ತಿದ್ದ ಒಬ್ಬೊಬ್ಬರ ಅಂಗಡಿ, ಒಂದೊಂದು ಕ್ಯಾಂಟೀನಿಗೆ ನಾನೇ ಹೋಗಿ ಹೇಳೀನಿ, ಈ ಊರಾಗ ಅವನ ಒಂದು ರೊಟ್ಟಿನೂ ಮಾರಾಟ ಆಗಬಾರದು ಅಂತ. ಅದರಾಗ ನನಗ ನಾಚಿಕಿ ಏನಿಲ್ಲ, ಖುಷಿನೇ ಐತಿ.

ಆದ್ರ ಅವತ್ತು ಗೇಟಿನ ಹತ್ರ ಆಗಿದ್ದು ಕೋರ್ಟಿನ್ಯಾಗೂ ಆಗೂದಿಲ್ಲ. ಉಳಿದ ಹೆಣ್ಮಕ್ಕಳೆಲ್ಲಾ ಗಾಡಿ ಹತ್ತಿದ್ರು, ಆ ತರುಣನ ತಂಗಿ ಹತ್ತಲಿಲ್ಲ. ಕೈಗೆಲ್ಲಾ ಬೊಬ್ಬಿ. ನೆಲದ ಮ್ಯಾಲ ಕುಂತ್ಳು, ಅಣ್ಣ ಕರದ್ರೂ ಏಳಲಿಲ್ಲ, ಮಾಲೀಕನ ಕಡೆ ಬಟ್ಟು ಮಾಡಿದ್ಳು. “ಇವ ಹೇಳ್ಲಿ. ನಮ್ಮವ್ವಗ ಇವನೇ ತನ್ನ ಬಾಯಿಲೆ ಹೇಳ್ಲಿ. ಇಲ್ಲಾಂದ್ರ ನಾ ಯಾವ ಮುಖ ಹೊತ್ತು ಊರಿಗೆ ಹೋಗ್ಲಿ?”

ಅಣ್ಣನ ಫೋನ್ ಇಸಗೊಂಡು ಊರಿಗೆ ಹಚ್ಚಿ, ಸ್ಪೀಕರ್ ಹಾಕಿ ಮಾಲೀಕನ ಬಾಯಿ ಮುಂದ ಹಿಡದೆ. “ಹೇಳೋ” ಅಂದೆ. ಪೊಲೀಸ್ರೂ ತಡೀಲಿಲ್ಲ.

“ನಿಮ್ಮ ಮಗಳು... ಓಡಿ ಹೋಗಿರಲಿಲ್ರಿ. ಇಲ್ಲೇ ಇದ್ಳು. ನಾನೇ... ನಾನೇ ಬಿಟ್ಟಿರಲಿಲ್ಲ.”

ಆ ಕಡೆಯಿಂದ ತಾಯಿ ಅಂದ್ಳು:

“ಓಡಿ ಹೋಗಿದ್ರ ಚಲೋ ಇತ್ತಲ್ಲೋ, ಖೋಡಿ. ನಿನ್ನ ಕೈಯಾಗ ಸಿಗೋಕ್ಕಿಂತ.”

ಹುಡುಗಿ ಎದ್ದು ನಿಂತ್ಳು. ನನ್ನ ಕೈಯಾಗಿನ ಫೋನ್ ಇಸಗೊಂಡು, “ಅವ್ವಾ, ಬಾಗಲಾ ತಗಿ. ಬರಾಕತ್ತೀನಿ” ಅಂದ್ಳು.