ಮಳೆ ಬಂದರೆ ಕ್ಲಿನಿಕ್

ನಾನು ನರ್ಸ್. ಹುಬ್ಬಳ್ಳಿಯಲ್ಲಿ ಕಲಿತು, ಈಗ ಆಕ್ಲೆಂಡಿನ ದಕ್ಷಿಣಕ್ಕಿರುವ ಸಣ್ಣ ಕ್ಲಿನಿಕ್ಕೊಂದರಲ್ಲಿ ದುಡಿಯುತ್ತೇನೆ. ಸುಗ್ಗಿಯಲ್ಲಿ ಪಕ್ಕದ ಕೀವಿ ಹಣ್ಣಿನ ತೋಟಕ್ಕೆ ದ್ವೀಪಗಳಿಂದ ಬರುವ ಕೆಲಸಗಾರರಿಗೆ ಪುಕ್ಕಟೆ ತಪಾಸಣೆ ಮಾಡೋಣವೆಂದು ಹಟ ಹಿಡಿದು ಡಾಕ್ಟರನ್ನು ಒಪ್ಪಿಸಿದವಳು ನಾನೇ. ಮಂಗಳವಾರ ಗೊತ್ತುಮಾಡಿದೆ. ಥಳಥಳ ಬಿಸಿಲಿತ್ತು. ಒಂದು ನರಪಿಳ್ಳೆಯೂ ಬರಲಿಲ್ಲ!

ಸಂಜೆ ಸಿಟ್ಟು ನೆತ್ತಿಗೇರಿ ತೋಟಕ್ಕೇ ಹೋದೆ. ಬಳ್ಳಿಯ ಚಪ್ಪರದ ಕೆಳಗೆ ಕುತ್ತಿಗೆ ಎತ್ತಿ ಎಲ್ಲರೂ ಹಣ್ಣು ಕೀಳುತ್ತಿದ್ದರು. ವನುವಾಟು ದ್ವೀಪದವನೊಬ್ಬ, ನನ್ನಣ್ಣನ ವಯಸ್ಸಿನವನು, ಕುಂಟುತ್ತಿದ್ದ. ಬೂಟು ಬಿಚ್ಚಿಸಿ ನೋಡಿದೆ. ಹಿಮ್ಮಡಿಯಲ್ಲಿ ಹುಣ್ಣು, ಅದಕ್ಕೆ ಸಾಕ್ಸು ಅಂಟಿಕೊಂಡಿತ್ತು; ಕೇಳಿದರೆ ಸಕ್ಕರೆ ಕಾಯಿಲೆಯಂತೆ. ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆಂದು ಗದರಿದೆ.

"ಬಿಸಿಲಿದ್ದ ದಿನ ಸಾಲು ಬಿಟ್ಟು ಬಂದ್ರೆ ನನ್ನ ತಂಡ ಹಿಂದೆ ಬೀಳುತ್ತೆ, ಸಿಸ್ಟರ್," ಎಂದ ಇಂಗ್ಲಿಷಿನಲ್ಲಿ. "ಕಾಯಿಲೆಯವನು ಅಂತ ಊರಿಗೆ ಕಳಿಸಿಬಿಟ್ರೆ? ನನ್ನ ಮೂರು ಮಕ್ಕಳು ಶಾಲೆ ಬಿಡಬೇಕು. ಮಳೆ ಬರಲಿ. ಒದ್ದೆ ಹಣ್ಣು ಕೀಳೋ ಹಾಗಿಲ್ಲ, ಅವತ್ತು ಬರ್ತೀನಿ."

ಇದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಿಸಿಲು ನೋಡಿ ಕ್ಲಿನಿಕ್ ಇಟ್ಟ ಬುದ್ಧಿವಂತೆ ನಾನೊಬ್ಬಳೇ! ಹಡಗು ತುಂಬಿ ಹೊರದೇಶಕ್ಕೆ ಹೋಗುವ ಈ ಹಣ್ಣಿನಿಂದಲೇ ಊರಿನ ಪ್ಯಾಕಿಂಗ್ ಶೆಡ್ಡು, ಲಾರಿ, ಇಲ್ಲಿಯವರು ಡೈರಿ ಎನ್ನುವ ಮೂಲೆಯ ಕಿರಾಣಿ ಅಂಗಡಿ ಎಲ್ಲ ನಡೆಯುತ್ತವೆ. ಅದನ್ನು ಕೀಳುವವರ ಕಾಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಲ್ಲೇ ಹುಣ್ಣು ತೊಳೆದು ಪಟ್ಟಿ ಕಟ್ಟಿ, ಮೌಂಟ್ ರಾಸ್ಕಿಲ್ ಬಡಾವಣೆಯ ನಮ್ಮ ಮನೆಗೆ ಬಂದು ಆಕಾಶ ನೋಡುತ್ತ ಕೂತೆ. ಬುಧವಾರ ಬಿಸಿಲು. ಗುರುವಾರವೂ ಹಾಳು ಬಿಸಿಲು! ಶುಕ್ರವಾರ ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದಾಗ ಕಿಟಕಿಗೆ ಹನಿ ಪಟಪಟ ಬಡಿಯಿತು.

"ಮಳಿ ಬಂತ್ರೀ! ಕಾರ್ ತಗೀರಿ!" ಎಂದು ಕೂಗಿದೆ.

"ಮಳಿಗೆ ಇಷ್ಟ್ ಖುಷಿ ಪಡಾಕಿ ಇಡೀ ಆಕ್ಲೆಂಡ್‌ನ್ಯಾಗ ನೀ ಒಬ್ಬಾಕಿನ ನೋಡು," ಎಂದು ನನ್ನ ಗಂಡ ನಗುತ್ತ ಕೀಲಿ ಹುಡುಕಿದರು.

ನಾವು ತಲುಪುವಷ್ಟರಲ್ಲಿ ತೋಟದ ವ್ಯಾನು ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತಿತ್ತು! ಹನ್ನೊಂದು ಜನ. ಆ ಕುಂಟುತ್ತಿದ್ದವನನ್ನೇ ಮೊದಲು ಒಳಗೆ ಕರೆದೆ. ಹುಣ್ಣು ಮೂಳೆಯವರೆಗೆ ಇಳಿದಿದೆಯೇ ಎಂದು ಡಾಕ್ಟರು ಬಗ್ಗಿ ನೋಡಿದರು. ನಾನು ಟಾರ್ಚು ಹಿಡಿದೆ.

"ಕಾಲು ಉಳಿಯುತ್ತೆ," ಎಂದರು ಅವರು. "ಔಷಧಿ ಶುರು ಮಾಡೋಣ. ಗಾಯ ಮಾಯೋವರೆಗೆ ಶೆಡ್ಡಲ್ಲಿ ಕೂತು ಮಾಡೋ ಕೆಲಸ ಕೊಡಲಿ. ಊರಿಗೆ ಕಳಿಸೋ ಅಗತ್ಯ ಇಲ್ಲ ಅಂತ ನಾನೇ ಬರೆದುಕೊಡ್ತೀನಿ."

ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅವನು ಆ ಚೀಟಿ ಹಿಡಿದು ಬಾಗಿಲಿಗೆ ಬಂದು, ಹೊರಗೆ ಬೆಂಚಿನ ಮೇಲಿದ್ದವರಿಗೆ ತನ್ನ ಭಾಷೆಯಲ್ಲಿ ಜೋರಾಗಿ ಓದಿ ಹೇಳಿದ. ಆಮೇಲೆ ಒಬ್ಬ ಬಗ್ಗಿ ಬೂಟಿನ ಲೇಸು ಬಿಚ್ಚಿದ. ಅವನ ಪಕ್ಕದವನೂ ಬಿಚ್ಚಿದ. ಇನ್ನೊಬ್ಬ ಅಂಗಿಯ ತೋಳು ಮಡಚಿ, ಬಟ್ಟೆ ಸುತ್ತಿಕೊಂಡಿದ್ದ ಮೊಣಕೈಯನ್ನು ನನ್ನತ್ತ ಚಾಚಿದ. ಇಷ್ಟು ದಿನ ಎಲ್ಲರೂ ಗಾಯ ಬಚ್ಚಿಟ್ಟುಕೊಂಡೇ ಹಣ್ಣು ಕಿತ್ತಿದ್ದರು.