ಹೊತ್ತಿಗೆ ಸರಿಯಾಗಿ ಹಾಕಿದ ಸೊಪ್ಪು

ಈ ಬ್ರಹ್ಮಾಂಡಕ್ಕೆ ಗೊತ್ತು ಗುರಿ ಇಲ್ಲ ಎಂಬ ಸಂಗತಿ ನನ್ನ ತಮ್ಮನಿಗೆ ಅರವತ್ತರ ಹೊಸ್ತಿಲಲ್ಲಿ, ಫೋನಿನಿಂದ ತಿಳಿಯಿತು. ತಿಳಿದವನು ಏನು ಮಾಡಿದ? ಮಲಗಿದ. ಊಟಕ್ಕೆ ಏಳುತ್ತಿದ್ದ, ಉಂಡು ಮತ್ತೆ ಮಲಗುತ್ತಿದ್ದ. ಗುರಿಯಿಲ್ಲದ ಬ್ರಹ್ಮಾಂಡದಲ್ಲೂ ಸಾರಿಗೆ ಉಪ್ಪು ಕಡಿಮೆಯಾದರೆ ಅವನಿಗೆ ಗೊತ್ತಾಗುತ್ತಿತ್ತು.

ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವಳು ಅವನ ಹೆಂಡತಿ. ಅವರದು ಆಂಧ್ರದ ಮಡಕಶಿರಾದಿಂದ ರೊಳ್ಳಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಅದರ ಮಗ್ಗುಲಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ.

"ಅಕ್ಕ, ಹುಳ ಇನ್ನೊಂದು ಸಲ ಪೊರೆ ಬಿಟ್ಟು ಎದ್ರೆ ರಾಕ್ಷಸರ ಥರ ತಿಂತಾವೆ. ಆವಾಗ ನನ್ನೊಬ್ಬಳ ಕೈಯಾಗೆ ಆಗಾಕಿಲ್ಲ. ಮಣಿಕಟ್ಟು ಬೇರೆ ಊದ್ಕಂಡೈತೆ. ಇವ್ರು ನೋಡಿದ್ರೆ ಗೋಡೆ ಕಡೆ ಮುಖ ಮಾಡ್ಕಂಡವ್ರೆ."

"ಡಾಕ್ಟರಿಗೆ ತೋರಿಸಿದ್ಯಾ?"

"ಯಾರ್ನ ಅಕ್ಕ, ಕೈನೋ, ಗಂಡನ್ನೋ?"

ಅವಳು ನಗಲು ಹೋಗಿ ಅತ್ತಳು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆ.

ನಾನು ಇರುವುದು ರಾಯದುರ್ಗದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದೆ. ನಮ್ಮ ಬೀದಿಯಲ್ಲಿ ಮನೆಗೊಂದು ಹೊಲಿಗೆ ಯಂತ್ರ. ಜೀನ್ಸ್ ಪ್ಯಾಂಟಿನ ಜೇಬು, ಪಟ್ಟಿ, ಜಿಪ್ಪು. ಎದುರು ಮನೆಯ ಟೈಲರ್ ನನ್ನ ಬ್ಯಾಗು ಕಂಡು ಯಂತ್ರ ನಿಲ್ಲಿಸಿದ.

"ಯಾಕ್ರಿ ಅಮ್ಮಾರ, ಇಷ್ಟು ಲಗೂನ ಎಲ್ಲಿಗ್ರಿ?"

"ತಮ್ಮಗ ಬದುಕಿನ ಅರ್ಥ ಸಿಗವಲ್ದಂತಪ್ಪ."

"ನಮ್ ಕಡೆ ಕಳಸ್ರಿ. ಜಿಪ್ಪು ಹಚ್ಚಾಕ ಮಂದಿ ಸಿಗವಲ್ರು."

ಆ ಬೀದಿಯಲ್ಲಿ ನಾನು ಕೇಳಿದ ಅತ್ಯುತ್ತಮ ತತ್ತ್ವಶಾಸ್ತ್ರ ಇದು. ಅದೇ ಬೀದಿಯ ಕೊನೆಯಲ್ಲಿ, ನಿವೃತ್ತ ಅಧಿಕಾರಿಯೊಬ್ಬರು ಭಾನುವಾರ ಚಾಪೆ ಹಾಸಿ, ಎಲ್ಲದಕ್ಕೂ ಒಂದು ಉದ್ದೇಶವಿದೆ ಎಂದು ಉಪನ್ಯಾಸ ಕೊಡುತ್ತಾರೆ. ಅವರ ಬಸ್ಸು ತಪ್ಪಿದರೆ ಅದಕ್ಕೊಂದು ಉದ್ದೇಶ, ಹಲ್ಲು ನೋವಿಗೆ ಇನ್ನೊಂದು. ಕರೆಂಟು ಹೋದಾಗ ಮಾತ್ರ ಲೈನ್‌ಮನ್ನನ್ನು ಬಯ್ಯುತ್ತಾರೆ. ಬ್ರಹ್ಮಾಂಡವೆಲ್ಲ ತಮ್ಮ ಹಲ್ಲಿಗಾಗಿ ನಡೆಯುತ್ತಿದೆ ಎನ್ನುವ ಅವರೂ, ತನಗಾಗಿ ನಡೆಯುತ್ತಿಲ್ಲ ಎಂದು ಮುನಿಸಿಕೊಂಡ ನನ್ನ ತಮ್ಮನೂ ನನ್ನ ಲೆಕ್ಕದಲ್ಲಿ ಒಂದೇ ತಾಯಿಯ ಮಕ್ಕಳು. ಯಾರ ಮದುವೆಯಾದರೂ ಇಬ್ಬರಿಗೂ ತಾನೇ ಮದುಮಗನಾಗಬೇಕು.

ವಾರ್ಡಿನಲ್ಲಿ ಬದುಕು ಕಳೆದವಳಿಗೆ ಈ ಚರ್ಚೆ ಉಳಿದಿರುವುದಿಲ್ಲ. ಒಳ್ಳೆಯವರು ಸತ್ತರು, ಕೆಟ್ಟವರು ಎದ್ದು ಬೀಡಿ ಸೇದುತ್ತಾ ಮನೆಗೆ ಹೋದರು, ಕೆಲವು ಸಲ ತಿರುಗುಮುರುಗಾಯಿತು. ಯಾಕೆ ಎಂದು ಕೇಳಿದರೆ ಉತ್ತರ ಕೊಡಲು ಯಾರೂ ಇರಲಿಲ್ಲ. ಹಾಸಿಗೆಯ ಬಟ್ಟೆಯನ್ನಂತೂ ಬದಲಿಸಲೇಬೇಕಿತ್ತು. ನಾಲ್ಕು ಮೂಲೆಯನ್ನೂ ಬಿಗಿಯಾಗಿ ಮಡಿಸಿ ಒಳಕ್ಕೆ ಸಿಕ್ಕಿಸಿ, ಅಂಗೈಯಿಂದ ಒಮ್ಮೆ ಸವರಿದಾಗ ನನಗೊಂದು ಸಂತೋಷವಾಗುತ್ತಿತ್ತು. ಅದನ್ನು ಯಾರಿಗೂ ಹೇಳಿದವಳಲ್ಲ. ಹೇಳಿದ್ದರೆ ಅದಕ್ಕೂ ಒಂದು ಉದ್ದೇಶ ಹಚ್ಚುತ್ತಿದ್ದರು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹಳ್ಳಿ ಮುಟ್ಟಿದಾಗ ತಮ್ಮ ಜಗಲಿಯ ಮಂಚದ ಮೇಲಿದ್ದ. ಎದೆಯ ಮೇಲೆ ಫೋನು. ಅದರೊಳಗಿನ ಗಡ್ಡದವನು ತೆಲುಗಿನಲ್ಲಿ ನಕ್ಷತ್ರಗಳ ಲೆಕ್ಕ ಹೇಳುತ್ತಿದ್ದ.

"ಅಕ್ಕ, ಸೂರ್ಯನೂ ಒಂದಿನ ಆರೋಗ್ತಾನಂತೆ."

"ಅಷ್ಟರೊಳಗೆ ಮುಖ ತೊಳ್ಕೊ."

"ನಗ್ಬೇಡ. ಇಷ್ಟು ದೊಡ್ಡ ಆಕಾಶದಾಗೆ ನಾವೇನು? ಧೂಳು."

"ಧೂಳಾದ್ರೆ ಗುಡಿಸ್ತೀನಿ, ಮಂಚ ಬಿಟ್ಟು ಏಳು."

ಏಳಲಿಲ್ಲ. ಮೊದಲ ದಿನವೇ ನಾನು ಮನೆಯನ್ನು ಒಂದು ಕ್ರಮಕ್ಕೆ ತಂದೆ. ಹುಳಕ್ಕೆ ಎಷ್ಟು ಹೊತ್ತಿಗೆ ಸೊಪ್ಪು ಎಂದು ತಮ್ಮನ ಹೆಂಡತಿಯನ್ನು ಕೇಳಿಕೊಂಡೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನಾನು ನರ್ಸಿಂಗ್ ಕಲಿಯಲು ಆ ಮನೆ ಬಿಟ್ಟಾಗ ಅಲ್ಲಿ ಬೆಳೆಯುತ್ತಿದ್ದುದು ಕಡಲೆಕಾಯಿ ಮಾತ್ರ. ರೇಷ್ಮೆ ಬಂದದ್ದು ಆಮೇಲೆ. ಆದರೆ ಹೊತ್ತಿಗೆ ಸರಿಯಾಗಿ ಊಟ ಕೊಡುವುದಕ್ಕೆ ಯಾವ ವಿದ್ಯೆ ಬೇಕು? ಅವಳು ಒಂದೇ ಕೈಯಲ್ಲಿ ಸೊಪ್ಪಿನ ಕಡ್ಡಿ ಕೊಯ್ದು ತಂದಳು, ನಾನು ಹುಳದ ಸ್ಟ್ಯಾಂಡುಗಳ ಮೇಲೆ ಹರಡಿದೆ. ಎರಡು ದಿನ ಹೀಗೆ ಚೆನ್ನಾಗಿ ನಡೆಯಿತು. ಅವಳ ಕೈ ಮಾತ್ರ ಇನ್ನೂ ಊದಿತು.

ಮೂರನೆಯ ದಿನ ನಾನೇ ಗದರಿಸಿ ಅವಳನ್ನು ಮಡಕಶಿರಾದ ಡಾಕ್ಟರ ಬಳಿ ಕಳಿಸಿದೆ. ಹೋಗುವ ಮುಂಚೆ ಅವಳು ಹುಳದ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿ ಹೋಗಿದ್ದಳು. ಮಧ್ಯಾಹ್ನ ನಾನು ಒಳಗೆ ಹೋಗಿ ನೋಡಿದರೆ ಒಂದೂ ಅಲುಗಾಡುತ್ತಿಲ್ಲ. ಎಲ್ಲವೂ ತಲೆ ಎತ್ತಿಕೊಂಡು ಸುಮ್ಮನೆ ಕೂತಿವೆ. ಊಟದ ಗಾಡಿ ಬರುವ ಹೊತ್ತಿಗೆ ವಾರ್ಡಿನವರು ಹೀಗೆಯೇ ಬಾಗಿಲ ಕಡೆ ತಲೆ ಎತ್ತಿ ಕೂರುತ್ತಿದ್ದರು. ಪಾಪ, ಹಸಿದಿವೆ ಎಂದುಕೊಂಡೆ. ಒದ್ದೆ ಚೀಲದಡಿ ಇಟ್ಟಿದ್ದ ಸೊಪ್ಪನ್ನು ತೆಗೆದು ಮೊದಲ ಸ್ಟ್ಯಾಂಡಿನ ತುಂಬ ದಟ್ಟವಾಗಿ ಹಾಕಿದೆ. ಎರಡನೆಯದಕ್ಕೆ ಹೋಗುವಾಗ ಬಾಗಿಲ ಎದುರಿನ ಜಗಲಿಯಿಂದ ಕಿರುಚಾಟ ಕೇಳಿತು.

"ಅಕ್ಕಾ! ಕೈ ತೆಗಿ! ಹಾಕ್ಬೇಡ!"

ಮಂಚ ಉರುಳಿದ ಸದ್ದು. ತಮ್ಮ ಬರಿಗಾಲಲ್ಲಿ ಓಡಿ ಬಂದ. ಫೋನು ಎಲ್ಲಿ ಬಿತ್ತೋ, ಗಡ್ಡದವನು ಅಂಗಳದಲ್ಲೇ ಮಾತಾಡುತ್ತಾ ಉಳಿದ.

"ಜ್ವರದಾಗಿರೋ ಹುಳಕ್ಕೆ ಸೊಪ್ಪು ಹಾಕ್ತಾರೇನಕ್ಕ? ಬುದ್ಧಿ ಎಲ್ಲಿ ಇಟ್ಟಿದ್ದೆ? ಅವು ಪೊರೆ ಬಿಡ್ತಾ ಅವೆ! ಒಂದು ಮುಂಚೆ ಎದ್ದು ತಿಂದು, ಇನ್ನೊಂದು ಹಿಂದೆ ಉಳಿದು, ಬೆಳೆನೇ ಏರುಪೇರಾಗ್ತದೆ!"

ಪೊರೆ ಬಿಡುವಾಗ ಹುಳು ತಿನ್ನುವುದಿಲ್ಲ, ಮುಟ್ಟಬಾರದು, ಹಾಸು ಒಣಗಿರಲೆಂದೇ ಸುಣ್ಣ ಉದುರಿಸುವುದು, ಅದನ್ನೇ ಇಲ್ಲಿ ಜ್ವರ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಹೀಗೆ. ತಮ್ಮನ ಹೆಂಡತಿಗೆ ಇದನ್ನು ಹೇಳಬೇಕೆಂದು ಹೊಳೆದೇ ಇರಲಿಲ್ಲ. ಬಾವಿಗೆ ಬೀಳಬೇಡಿ ಎಂದು ಮನೆಗೆ ಬಂದ ನೆಂಟರಿಗೆ ಯಾರು ಹೇಳುತ್ತಾರೆ?

ಅವನು ಒಂದೊಂದೇ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತತೊಡಗಿದ. ಎತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದ. ನನ್ನನ್ನು ತೆಲುಗಿನಲ್ಲೂ ಬಯ್ದ. ಕನ್ನಡದಲ್ಲಿ ಅಕ್ಕನಿಗೆ ಅನ್ನಲಾಗದ್ದನ್ನು ಅವನು ಚಿಕ್ಕಂದಿನಿಂದಲೂ ತೆಲುಗಿನಲ್ಲಿ ಅನ್ನುತ್ತಾನೆ. ಬೇರೆ ದಿನವಾಗಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ.

"ಏನೋ, ಸೂರ್ಯನೇ ಆರೋಗ್ತಾನೆ, ಈ ಹುಳ ಏರುಪೇರಾದ್ರೆ ನಿಂಗೇನೋ?" ಎಂದೆ.

"ಸೂರ್ಯ ಆರೋಕೆ ಟೈಮೈತೆ. ಇವು ನಾಳೆ ಏಳ್ತಾವೆ. ಆ ಸುಣ್ಣ ಕೊಡು ಇಲ್ಲಿ."

ಕೊಟ್ಟೆ.

ಸಂಜೆ ತಮ್ಮನ ಹೆಂಡತಿ ಮಣಿಕಟ್ಟಿಗೆ ಪಟ್ಟಿ ಸುತ್ತಿಸಿಕೊಂಡು ಬಂದಳು. ಆ ಕೈಯನ್ನು ಅಲುಗಾಡಿಸಬಾರದೆಂದು ಡಾಕ್ಟರು ಹೇಳಿದ್ದರಂತೆ. ಹುಳದ ಮನೆಯಲ್ಲಿ ಗಂಡನನ್ನು ಕಂಡು ಬಾಗಿಲಲ್ಲೇ ನಿಂತಳು. ಏನೂ ಕೇಳಲಿಲ್ಲ. ಕೇಳಿದರೆ ಮತ್ತೆ ಹೋಗಿ ಮಲಗಿಯಾನು ಎಂಬ ಭಯವಿದ್ದೀತು.

ಊರವರಿಗೆ ಮಾತ್ರ ಕೇಳದೆ ಇರಲಾಗಲಿಲ್ಲ. ನಾನು ಬೇಕೆಂದೇ ಸೊಪ್ಪು ಹಾಕಿ ತಮ್ಮನನ್ನು ಎಬ್ಬಿಸಿದೆ ಎಂದು ಮರುದಿನವೇ ಸುದ್ದಿ. "ಎಂಥ ಉಪಾಯ ಮಾಡಿದ್ರಿ ನರ್ಸಮ್ಮ!" ಎಂದರು. ಇಲ್ಲ, ತಪ್ಪಾಯಿತು ಅಷ್ಟೇ ಎಂದೆ. ನಂಬಲಿಲ್ಲ. ಪಕ್ಕದ ಮನೆಯ ಮುದುಕ ಒಂದು ಹೆಜ್ಜೆ ಮುಂದೆ ಹೋದ.

"ಹೇಮಾವತಿ ಗುಡಿ ಸಿದ್ದೇಶ್ವರನೇ ನಿನ್ನ ಕೈಯಾಗೆ ಹಾಕಿಸವ್ನೆ ಕಣವ್ವ."

"ಅವನು ಹಾಕಿಸೋದಾಗಿದ್ರೆ ಇವಳ ಕೈ ಊದೋಕೆ ಮುಂಚೆನೇ ಹಾಕಿಸ್ಬೇಕಿತ್ತು, ತಾತ," ಎಂದೆ. ಮುದುಕ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಒಳ್ಳೆಯದೇ ಆಯಿತು, ಕೈತುಂಬ ಕೆಲಸವಿತ್ತು.

ಜನರಿಗೆ ಈ ಒಂದನ್ನು ಮಾತ್ರ ನುಂಗಲಾಗುವುದಿಲ್ಲ: ಒಬ್ಬ ಮುದುಕಿ ತಿಳಿಯದೆ ತಪ್ಪು ಮಾಡಿದಳು, ಅದರಿಂದ ಒಂದು ಒಳ್ಳೆಯದಾಯಿತು, ಹಿಂದೆ ಯಾರ ಯೋಜನೆಯೂ ಇರಲಿಲ್ಲ. ಉಪಾಯವೆನ್ನಲಿ, ದೇವರೆನ್ನಲಿ, ಏನಾದರೊಂದು ಹಚ್ಚಿದರೇನೇ ಅವರಿಗೆ ನಿದ್ದೆ. ನಾನು ಹಚ್ಚದೆಯೇ ಚೆನ್ನಾಗಿ ನಿದ್ದೆ ಮಾಡುತ್ತೇನೆ.

ಹುಳು ಎದ್ದವು. ಆಮೇಲಿನ ವಾರವನ್ನು ಏನೆಂದು ಹೇಳಲಿ? ತಮ್ಮ ಬೆಳಗಾಗುವ ಮುಂಚೆ ತೋಟದಲ್ಲಿರುತ್ತಿದ್ದ, ನಾನು ಹೊತ್ತು ತಂದು ಹರಡುತ್ತಿದ್ದೆ, ಹರಡಿ ಮುಗಿಸುವಷ್ಟರಲ್ಲಿ ಮೊದಲ ಸ್ಟ್ಯಾಂಡಿನಲ್ಲಿ ಬರೀ ಕಡ್ಡಿ. ಅವು ತಿನ್ನುವ ಸದ್ದನ್ನು ಎಲ್ಲರೂ ಮಳೆ ಎನ್ನುತ್ತಾರೆ. ಮಳೆ ಕಾಣದ ಅನಂತಪುರ ಸೀಮೆಯವರು ಸದ್ದು ಕೇಳಿದಲ್ಲೆಲ್ಲ ಮಳೆ ಎಂದಾರು, ಬಿಡಿ. ನನಗೆ ಅದು ವಾರ್ಡಿನವರೆಲ್ಲ ಒಟ್ಟಿಗೆ ರಸ್ಕು ಕಡಿದಂತೆ ಕೇಳಿತು. ಅಷ್ಟು ಜನ ಹಸಿದು ಉಣ್ಣುವುದನ್ನು ಕೇಳುವುದಕ್ಕಿಂತ ಹೆಚ್ಚಿನ ಸುಖ ನನಗೆ ಗೊತ್ತಿಲ್ಲ. ಗೂಡು ಕಟ್ಟಿದ ಮೇಲೆ ಅವಕ್ಕೆ ಕಾದಿರುವುದು ಬಿಸಿನೀರು ಎಂದೂ ಗೊತ್ತು. ಅವಕ್ಕೆ ಗೊತ್ತಿಲ್ಲ, ಗೊತ್ತಿದ್ದರೂ ಮಂಚ ಹಿಡಿಯುತ್ತಿರಲಿಲ್ಲ ಎಂದು ತಮ್ಮನಿಗೆ ಹೇಳಿದೆ. ಅವನು ಕಡ್ಡಿ ಕೊಡು ಎಂದ.

ನಾನು ಕೆಡಿಸಿದ ಸ್ಟ್ಯಾಂಡು ಹಣ್ಣಾದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಅರ್ಧಂಬರ್ಧ. ಗೂಡು ಕಟ್ಟಲು ತಯಾರಾದ ಹುಳು ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ. ಅಂಥವನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ನಾವಿಬ್ಬರೂ ಮಧ್ಯಾಹ್ನ ಜಗಲಿಯಲ್ಲಿ ಆರಿಸುತ್ತಾ ಕೂತಿದ್ದೆವು. ತಮ್ಮ ಒಂದನ್ನು ಬೆಳಕಿಗೆ ಹಿಡಿದ.

"ನೋಡಕ್ಕ, ದೀಪ ಇಟ್ಟಂಗೈತೆ ಒಳಗೆ. ಏನೇ ಹೇಳು, ಇದಕ್ಕೆಲ್ಲ ಅರ್ಥ ಅಂತೂ ಇಲ್ಲ." ಅವನ ದನಿ ಏರುತ್ತಿತ್ತು. "ಆ ಆಕಾಶದಾಗೆ—"

ಒಳಮನೆಯ ಬಾಗಿಲು ತೆರೆದಿತ್ತು. ಅವನ ಹೆಂಡತಿ ಚಾಪೆಯ ಮೇಲೆ, ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟು, ಬಾಯಿ ಅರೆತೆರೆದು ನಿದ್ದೆ ಹೋಗಿದ್ದಳು. ಹುಳದ ಕಾಲದಲ್ಲಿ ಅವಳು ಹಗಲು ಮಲಗಿದ್ದನ್ನು ಆ ಮನೆ ಕಂಡಿರಲಿಲ್ಲ. ಅವನು ಅತ್ತ ನೋಡಿದ. ಆಕಾಶವನ್ನು ಅಲ್ಲಿಗೇ ನಿಲ್ಲಿಸಿ, ಸದ್ದಾಗದಂತೆ ಮುಂದಿನ ಹುಳವನ್ನು ಎತ್ತಿಕೊಂಡ.